ಹನ್ನೆರಡೂ ಅಂಕಿಗಳು ಕಾಣಬೇಕೇ?

ಬೆಂಗಳೂರಿನ ದೀಪಾಂಜಲಿ ನಗರದಲ್ಲಿ ಬಾಡಿಗೆ ಮನೆ ಹಿಡಿಯುವವರು,
ಪಿ.ಜಿ. ಸೇರುವವರು,
ಆಧಾರ್‌ನ 12 ಅಂಕಿಗಳನ್ನೂ ಜೆರಾಕ್ಸ್ ಮಾಡಿಸಿ ಕೊಡಲೇಬೇಕೇ?

2022ರ ಮೇ 27ರಂದು
ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು,
ದುರುಪಯೋಗದ ಸಾಧ್ಯತೆಯಿರುವುದರಿಂದ
ನಕಲನ್ನು ಯಾವ ಸಂಸ್ಥೆಗೂ ಕೊಡಬಾರದೆಂದು ಪ್ರಕಟಿಸಿತು;
ಜನರು ತಪ್ಪಾಗಿ ಅರ್ಥೈಸಬಹುದೆಂದು
ಕೇಂದ್ರ ಸರ್ಕಾರವು ಎರಡೇ ದಿನಗಳಲ್ಲಿ ಆ ಪ್ರಕಟಣೆಯನ್ನು ಹಿಂತೆಗೆದುಕೊಂಡಿತಾದರೂ,
ಅದು ತೋರಿಸಿದ ದಾರಿ ಸರಿಯಾದುದೇ ಆಗಿತ್ತು.

ಆ ದಾರಿಯೇ ‘ಮಾಸ್ಕ್ಡ್ ಆಧಾರ್’,
ಅಂದರೆ ಮೊದಲ 8 ಅಂಕಿಗಳನ್ನು ಮರೆಮಾಡಿ
ಕೊನೆಯ 4ನ್ನು ಮಾತ್ರ ತೋರಿಸುವ ಪ್ರತಿ;
ಪ್ರಾಧಿಕಾರದ ಜಾಲತಾಣದಲ್ಲಿ
ಮೊಬೈಲಿಗೆ ಬರುವ ಒಟಿಪಿ ನಮೂದಿಸಿ
ಇದನ್ನು ಇಳಿಸಿಕೊಳ್ಳಬಹುದು.

ಕೇವಲ ಗುರುತಿಗಾಗಿ ಪೂರ್ಣ ಸಂಖ್ಯೆಯನ್ನೇ ಕೊಡುವುದು,
ಗೇಟು ತೆರೆಯಬೇಕಾದವರ ಕೈಗೆ
ಬೀರುವಿನದೂ ಸೇರಿದ ಬೀಗದ ಕೈ ಗೊಂಚಲನ್ನು ಒಪ್ಪಿಸಿದಂತೆ.

ಎಷ್ಟು ಕೊಡಬೇಕೆಂಬುದು ಹಕ್ಕಿನ ಪ್ರಶ್ನೆಯೂ ಹೌದು: ಖಾಸಗಿತನ,
ಅಂದರೆ ತನ್ನ ವಿವರ ಯಾರಿಗೆ ಎಷ್ಟು ತಿಳಿಯಬೇಕೆಂದು
ವ್ಯಕ್ತಿಯೇ ನಿರ್ಧರಿಸುವ ಸ್ವಾತಂತ್ರ್ಯ,
ಮೂಲಭೂತ ಹಕ್ಕೆಂದು
ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು
2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು;
ಆ ಪ್ರಕರಣಕ್ಕೆ ಕಾರಣರಾದವರು,
ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ,
ಆಧಾರನ್ನು ಪ್ರಶ್ನಿಸಿ ಅರ್ಜಿ ಹಾಕಿದ,
ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ
ಕೆ.ಎಸ್. ಪುಟ್ಟಸ್ವಾಮಿಯವರು;
ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಹೆಸರಿದು.

ಆ ಹಕ್ಕನ್ನು ಕಾಪಾಡಿಕೊಳ್ಳಲು, ಆನ್‌ಲೈನ್ ದೃಢೀಕರಣಕ್ಕೂ ಆಧಾರ್ ಸಂಖ್ಯೆಯ ಬದಲು
16 ಅಂಕಿಗಳ ‘ವರ್ಚುವಲ್ ಐಡಿ’,
ಅಂದರೆ ಬೇಕೆಂದಾಗ ಬದಲಾಯಿಸಬಹುದಾದ ತಾತ್ಕಾಲಿಕ ಸಂಖ್ಯೆ,
ಪ್ರಾಧಿಕಾರದ ಅದೇ ಜಾಲತಾಣದಲ್ಲಿ ಸಿಗುತ್ತದೆ.