ಶ್ರೋತ್ರಿಯರು ಏಕೆ ಬಾಯಿ ಬಿಡಲಿಲ್ಲ?

ನಮ್ಮ ಸದಾಶಿವ ಪೇಠದ ನಿವಾಸಿಗಳು ಮಾತಿನಲ್ಲಿ ಬಹಳ ಬಿಗಿ. ಹೇಳಬೇಕಾದುದನ್ನು ಬಾಗಿಲ ಫಲಕದ ಮೇಲೆ ಒಂದೇ ಸಾಲಿನಲ್ಲಿ ಬರೆದು ತೂಗುಹಾಕುವರು. ಮಧ್ಯಾಹ್ನ ಅಂಗಡಿಯ ಕದದೊಡನೆ ಬಾಯಿಯನ್ನೂ ಮುಚ್ಚುವರು. ಇಂಥ ಪೇಠದಲ್ಲಿ ಅನೇಕ ವರ್ಷ ಗಲ್ಲಾದ ಮೇಲೆ ಕುಳಿತು, ಬಳಿಕ ಲೇಖನಿ ಹಿಡಿದವರು ನಾವು. ಈಗಲೂ ಸಂಜೆ ಹಳೆಯ ಹೋಟೆಲಿನ ಮೂಲೆಯ ಮೇಜಿಗೆ ಹೋಗಿ ಕೂರದಿದ್ದರೆ ನಮಗೆ ದಿನ ಮುಗಿಯುವುದಿಲ್ಲ. ಕಳೆದ ತಿಂಗಳು ಅದೇ ಮೇಜಿನ ಸುತ್ತ ಒಂದು ವಾದ ಹುಟ್ಟಿತು. ಅದು ದರದ ವಿಷಯವೂ ಅಲ್ಲ, ಚಟ್ನಿಯ ವಿಷಯವೂ ಅಲ್ಲ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ವಿಷಯ.

ಶ್ರೋತ್ರಿಯರು ಕಾದಂಬರಿಯ ವ್ಯಕ್ತಿ. 2025ರಲ್ಲಿ ನಮ್ಮನ್ನಗಲಿದ ಎಸ್. ಎಲ್. ಭೈರಪ್ಪನವರು 1965ರಲ್ಲಿ ಪ್ರಕಟಿಸಿದ ‘ವಂಶವೃಕ್ಷ’ದ ನಡುಗಂಬ. ಮರಾಠಿಗರು ಅವರನ್ನು ನಮ್ಮಷ್ಟೇ ಬಲ್ಲರು. ಉಮಾ ಕುಲಕರ್ಣಿಯವರ ಮರಾಠಿ ‘ವಂಶವೃಕ್ಷ’ಕ್ಕೆ 1989ರಲ್ಲಿ ಸಾಹಿತ್ಯ ಅಕಾಡೆಮಿಯ ಅನುವಾದ ಪುರಸ್ಕಾರ ದೊರೆಯಿತು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡವನ್ನು ಓದಿ ಹೇಳಲು, ಅದನ್ನು ಕಿವಿಯಿಂದ ಕೇಳಿ ಮರಾಠಿಗೆ ಇಳಿಸಿದ ಪುಣ್ಯಾತ್ಗಿತ್ತಿ ಆಕೆ. ಭೈರಪ್ಪನವರ ಮರಾಠಿ ಪುಸ್ತಕಗಳನ್ನು ಹೊರತಂದ ಮೆಹತಾ ಪ್ರಕಾಶನ ಸಂಸ್ಥೆಯ ವಿಳಾಸವೂ ಇದೇ ಸದಾಶಿವ ಪೇಠ.

ವಾದ ಹೂಡಿದವರು ಇಬ್ಬರು. ಒಬ್ಬರು ನಿವೃತ್ತ ಮರಾಠಿ ಮಾಸ್ತರರು; ನಿತ್ಯ ನಾಲ್ಕು ಗಂಟೆಗೆ ಅರ್ಧ ಕಪ್ಪು ಚಹಾ ಕುಡಿಯುವವರು. “ಅಣ್ಣಾ, ನಿಮ್ಮ ಶ್ರೋತ್ರಿ ದೇವಮಾನವ,” ಎಂದರು. ಇನ್ನೊಬ್ಬ ಕಚೇರಿಯೊಂದರ ತರುಣ ಗುಮಾಸ್ತ, ನಮ್ಮ ಸೀಮೆಯವನು. “ಇಲ್ಲ ರಾಯರೇ, ಆತ ಮಗುವನ್ನು ಕದ್ದವನು. ಆ ಪ್ರಕರಣ ಬಂದೊಡನೆ ನಾನು ಪುಸ್ತಕ ಮುಚ್ಚಿಟ್ಟೆ,” ಎಂದನು. ಅವನ ದನಿಯಲ್ಲಿ ಸಾಹಿತ್ಯ ವಿಮರ್ಶೆಗಿಂತ ಹೆಚ್ಚಿನದೇನೋ ಇತ್ತು. ತಾಯಿ ಮರುಮದುವೆಯಾಗಿ ಹೋದ ಮೇಲೆ ತಾನು ಅಜ್ಜನ ಮನೆಯಲ್ಲಿ ಬೆಳೆದವನೆಂದು ಅವನೇ ತಿಳಿಸಿದನು.

ಓದದವರಿಗಾಗಿ ಕಥೆಯನ್ನು ಸ್ವಲ್ಪದರಲ್ಲಿ ಹೇಳುವೆವು. ಶ್ರೋತ್ರಿಯರ ಒಬ್ಬನೇ ಮಗನು ಕಪಿಲಾ ನದಿಯ ಪಾಲಾಗುತ್ತಾನೆ. ವಿಧವೆಯಾದ ಸೊಸೆ ಕಾತ್ಯಾಯನಿ ಓದಬಯಸಿದಾಗ ಮಾವನು ಅಡ್ಡಬರುವುದಿಲ್ಲ. ಆಕೆ ಮೈಸೂರಿನ ಕಾಲೇಜಿಗೆ ಹೋಗಿ ಬರುತ್ತ, ಅಧ್ಯಾಪಕ ರಾಜನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಆಗಲೂ ಶಾಪವಿಲ್ಲ, ಕೂಗಾಟವಿಲ್ಲ. ಆದರೆ ಮಗುವಿನ ಪ್ರಶ್ನೆ ಬಂದಾಗ, ಅದು ವಂಶಕ್ಕೆ ಸೇರಿದುದೆಂಬ ನಿಲುವಿನಿಂದ ಶ್ರೋತ್ರಿಯರು ಕದಲುವುದಿಲ್ಲ. ತಾಯಿ ಬರಿಗೈಯಲ್ಲಿ ಹಿಂದಿರುಗುತ್ತಾಳೆ.

ಈ ಬಾಯಿಬಿಡದ ಮನುಷ್ಯನ ಒಳಗೇನಿತ್ತು? ನಮ್ಮ ವಿದ್ಯೆ ಎಸ್.ಎಸ್.ಎಲ್.ಸಿ.ಗೆ ನಿಂತುದು, ವಿಮರ್ಶಕರ ಪರಿಭಾಷೆ ನಮಗೆ ಬಾರದು. ಆದರೆ ಗಲ್ಲಾದಲ್ಲಿ ಕುಳಿತವನಿಗೆ ಒಂದು ಅಭ್ಯಾಸ ಅಂಟುತ್ತದೆ: ಗಿರಾಕಿ ಏನು ಹೇಳಿದನೆಂಬುದಕ್ಕಿಂತ ಏನು ಮಾಡಿದನೆಂಬುದನ್ನು ನೋಡುವುದು. ಹಾಗೆ ನೋಡಿದರೆ ಶ್ರೋತ್ರಿಯರ ಬೀಗದ ಕೈ ಸಿಗುವುದು ಮಗುವಿನ ಪ್ರಕರಣದಲ್ಲಲ್ಲ, ಲಕ್ಷ್ಮಿಯ ಪ್ರಕರಣದಲ್ಲಿ.

ಹೆಂಡತಿ ಭಾಗೀರಥಮ್ಮನಿಗೆ ಇನ್ನೊಂದು ಹೆರಿಗೆಯಾದರೆ ಪ್ರಾಣಾಪಾಯವೆಂದು ವೈದ್ಯರು ಎಚ್ಚರಿಸಿದ್ದರು. ಶ್ರೋತ್ರಿಯರಿಗೆ ಆಗ ಇನ್ನೂ ಯೌವನ. ಮನೆಯಲ್ಲಿ ಕೆಲಸಕ್ಕಿದ್ದ ಲಕ್ಷ್ಮಿಯನ್ನು ಸಂಗಾತಿಯಾಗಿ ಸ್ವೀಕರಿಸಿರೆಂದು ಹೆಂಡತಿಯೇ ಸೂಚಿಸುತ್ತಾಳೆ, ಲಕ್ಷ್ಮಿಯೂ ಒಪ್ಪುತ್ತಾಳೆ. ಲೋಕದ ಭಯವಿಲ್ಲ, ಮನೆಯ ವಿರೋಧವಿಲ್ಲ. ಶ್ರೋತ್ರಿಯರು ತೂಗಾಡುತ್ತಾರೆ, ಬೇಯುತ್ತಾರೆ, ಕಡೆಗೆ ಹಿಂದೆ ಸರಿಯುತ್ತಾರೆ. ಅಂದಿನಿಂದ ಅವರು ತಮ್ಮ ಸುತ್ತ ಕಟ್ಟಿಕೊಂಡ ಗೋಡೆ ಪರರನ್ನು ತಡೆಯಲೆಂದಲ್ಲ, ತಮ್ಮನ್ನೇ ತಡೆಯಲೆಂದು; ನಮಗೆ ಕಂಡಂತೆ ಅವರ ಗಾಂಭೀರ್ಯದ ಮೂಲ ಇದೇ. (ಲಕ್ಷ್ಮಿ ತನ್ನೊಳಗೆ ಏನನ್ನು ಅಡಗಿಸಿಟ್ಟುಕೊಂಡು ಆ ಮನೆಯಲ್ಲಿ ಬಾಳು ಸವೆಸಿದಳೆಂದು ಮಾಸ್ತರರೂ ಕೇಳಲಿಲ್ಲ, ಗುಮಾಸ್ತನೂ ಕೇಳಲಿಲ್ಲ.)

ಸೊಸೆಯನ್ನು ಅವರು ಏಕೆ ಬೈಯಲಿಲ್ಲವೆಂಬುದು ಈಗ ತಿಳಿಯುತ್ತದೆ. ದೇಹದ ಹಸಿವು ಎಂಥದೆಂಬುದನ್ನು ಬಲ್ಲವರು ಅವರು. ಆದರೆ ತಾನು ಗೆದ್ದುದನ್ನು ಆಕೆಯೂ ಗೆಲ್ಲಬಹುದಿತ್ತೆಂಬ ಒಂದು ಮೌನದ ತಕ್ಕಡಿ ಅವರ ಮನಸ್ಸಿನಲ್ಲಿ ಇದ್ದೇ ಇದೆ. ಅವರ ಹೋರಾಟವನ್ನು ಲೇಖಕರು ವಾಚಕರಾದ ನಮಗೆ ತೋರಿದರು. ಕಾತ್ಯಾಯನಿಗೆ ಅದು ಕಾಣದು. ಆಕೆಯ ಕಣ್ಣಿಗೆ ಕಂಡುದು ಬರಿಯ ಬಂಡೆ. ಮಾವನು ಒಂದು ದಿನವಾದರೂ ‘ನಾನೂ ತೂಗಾಡಿದವನಮ್ಮ’ ಎಂದಿದ್ದರೆ ಅವಳ ಬಾಳಿನ ಅಪರಾಧಭಾವ ಅಷ್ಟು ಬಲಿಯುತ್ತಿತ್ತೇ ಎಂಬುದು ನಮ್ಮ ಸಂಶಯ.

1971ರ ಚಲನಚಿತ್ರವನ್ನು ಮಾತ್ರ ನೋಡಿದ ವಾಚಕರು ಉಂಟು. ಬಿ. ವಿ. ಕಾರಂತರೂ ಗಿರೀಶ ಕಾರ್ನಾಡರೂ ಕೂಡಿ ನಿರ್ದೇಶಿಸಿ ರಾಷ್ಟ್ರಪ್ರಶಸ್ತಿ ಪಡೆದ ಚಿತ್ರವದು. ವೆಂಕಟರಾವ್ ತಲಗೇರಿಯವರ ಶ್ರೋತ್ರಿ ಕಣ್ಣಿಗೆ ಕಟ್ಟುವಂತಿದೆ. ಆದರೆ ಕ್ಯಾಮರಾ ಮುಖವನ್ನು ತೋರೀತಲ್ಲದೆ ಮನಸ್ಸಿನೊಳಗಿನ ತರ್ಕವನ್ನು ಪುಸ್ತಕದಷ್ಟು ಬಿಡಿಸದು. ಶ್ರೋತ್ರಿಯರ ನ್ಯಾಯ ಕೇಳುವವರು ಪುಸ್ತಕಕ್ಕೇ ಬರಬೇಕು.

ಇನ್ನು ಮಗುವಿನ ಮಾತು. ಇಲ್ಲಿ ನಾವು ಗುಮಾಸ್ತನ ಪಕ್ಷ. ತನ್ನ ಆಸೆಯನ್ನು ತ್ಯಜಿಸುವುದು ಒಂದು, ಪರರ ಕೂಸನ್ನು ತ್ಯಜಿಸೆನ್ನುವುದು ಇನ್ನೊಂದು. ಶ್ರೋತ್ರಿಯರು ಎರಡನ್ನೂ ಧರ್ಮದ ಒಂದೇ ಖಾತೆಗೆ ಬರೆದರು. ಆ ಮುದುಕನಿಗೆ ಉಳಿದಿದ್ದ ಆಸರೆ ಮೊಮ್ಮಗನೊಬ್ಬನೇ. ಆ ದುಃಖವನ್ನು ಬಾಯಿಬಿಟ್ಟು ಹೇಳಲಾರದೆ ವಂಶದ ಹೆಸರನ್ನು ಮುಂದಿಟ್ಟರೆಂದೇ ನಮ್ಮ ಊಹೆ.

ಆದರೆ ಗುಮಾಸ್ತನು ಪುಸ್ತಕ ಮುಚ್ಚಿದ್ದು ಅಲ್ಲಿಯೇ. ಮುಂದೆ ಮುಪ್ಪಿನಲ್ಲಿ ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ಗುಟ್ಟು ತಿಳಿಯುತ್ತದೆ. ತಾವು ಆ ವಂಶದ ರಕ್ತದವರೇ ಅಲ್ಲ; ಆಸ್ತಿ ದಾಯಾದಿಗೆ ಹೋಗಬಾರದೆಂಬ ಛಲದಿಂದ ಹಿರಿಯರು ಮಾಡಿಕೊಂಡ ಏರ್ಪಾಡಿನ ಫಲ ತಾವು. ಯಾವ ಮರಕ್ಕಾಗಿ ತಾಯಿಯ ಮಡಿಲಿಂದ ಮಗುವನ್ನು ಅಗಲಿಸಿದರೋ ಆ ಮರಕ್ಕೆ ತಾವೇ ಸೇರಿದವರಲ್ಲ. ಮುಚ್ಚಿಟ್ಟಿದ್ದರೆ ಕೇಳುವವರಾರೂ ಇರಲಿಲ್ಲ. ಆದರೂ ಆಸ್ತಿಯನ್ನು ಬಿಟ್ಟುಕೊಟ್ಟು, ಸಂನ್ಯಾಸಕ್ಕೆಂದು ಮನೆ ತೊರೆದು ಹೊರಡುತ್ತಾರೆ. ದಾರಿಯಲ್ಲಿ ಮೈಸೂರಿನಲ್ಲಿ ಸಾವಿನ ಹಾಸಿಗೆಯಲ್ಲಿದ್ದ ಕಾತ್ಯಾಯನಿಯನ್ನು ಕಾಣುತ್ತಾರೆ. ಬೆಳೆದ ಮೊಮ್ಮಗನನ್ನು ಆ ತಾಯಿಯ ಬಳಿಗೆ ಕಳುಹುತ್ತಾರೆ. ತಡವಾಯಿತೆಂಬುದು ನಿಜ. ಆದರೆ ಈ ಕಾದಂಬರಿಯಲ್ಲಿ ಶ್ರೋತ್ರಿಯರು ಕೇಳಿದ ಕ್ಷಮೆ ಇದೊಂದೇ ಎಂದು ನಾವು ಓದಿಕೊಂಡಿದ್ದೇವೆ.

ತರುಣನಾಗಿದ್ದಾಗ ಮುಂಬಯಿಗೆ ಓಡಿಬಂದು ರೈಲು ನಿಲ್ದಾಣದಲ್ಲಿ ಹೊರೆ ಹೊತ್ತವರು ಭೈರಪ್ಪನವರು. ಹೊಟ್ಟೆಪಾಡಿಗೆ ಊರು ಬಿಟ್ಟ ನಮ್ಮ ವಾಚಕರಿಗೆ ಅಪರಿಚಿತರಲ್ಲ.

ಇಷ್ಟನ್ನು ಹೇಳಿದಾಗ ಮಾಸ್ತರರು, “ಕ್ಷಮೆ ಏತಕ್ಕೆ? ಅವರು ತಪ್ಪೇ ಮಾಡಿಲ್ಲ,” ಎಂದು ಛತ್ರಿ ಎತ್ತಿಕೊಂಡು ಹೊರಟರು. ಗುಮಾಸ್ತನು ಏನೂ ಹೇಳಲಿಲ್ಲ. ಎದ್ದು ಹೋಗುವಾಗ ನಮ್ಮ ಪ್ರತಿಯನ್ನು ಕೇಳಿ ತೆಗೆದುಕೊಂಡನು. ವಾರ ಮೂರಾಯಿತು, ಪುಸ್ತಕ ಇನ್ನೂ ಹಿಂದಿರುಗಿಲ್ಲ. ಸರದಿಯಲ್ಲಿ ಹೋಟೆಲಿನ ಇಬ್ಬರು ಮಾಣಿಗಳು ಕಾದಿದ್ದಾರೆ.