ಬೆಟ್ಟಾ ಮೀನು ಸಾಕಣೆಯಲ್ಲಿ ನೀರಿನ ಉಷ್ಣತೆ

ಅಲಂಕಾರಿಕ ಮೀನುಗಳ ಪೈಕಿ ಬೆಟ್ಟಾ ಅಥವಾ ಕಾದಾಟದ ಮೀನನ್ನು ಸ್ವಲ್ಪ ಸ್ಥಳದಲ್ಲಿಯೇ ಉಪಕಸುಬಾಗಿ ಸಾಕಬಹುದು. ಆದರೆ ಮಾರಾಟಕ್ಕೆ ಸಿದ್ಧವಾದ ಮೀನುಗಳು ಮಾಗಿಯ ಚಳಿಗೆ ಸಿಕ್ಕಿ ಸತ್ತು, ತಿಂಗಳುಗಟ್ಟಲೆ ಪಟ್ಟ ಶ್ರಮ ವ್ಯರ್ಥವಾಗುವುದುಂಟು. ನೀರಿನ ಉಷ್ಣತೆಯ ಕಡೆಗೆ ಗಮನವಿಟ್ಟರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಉಷ್ಣತೆಯ ಮಹತ್ವ

ಬೆಟ್ಟಾ ಥಾಯ್ಲೆಂಡಿನ ಭತ್ತದ ಗದ್ದೆ ಹಾಗೂ ಜೌಗು ಪ್ರದೇಶಗಳ ಬೆಚ್ಚಗಿನ ನೀರಿನ ಮೀನು. ಮೀನಿನ ಮೈಶಾಖ ಸುತ್ತಲಿನ ನೀರಿನ ಶಾಖವನ್ನೇ ಅನುಸರಿಸುತ್ತದೆ. ಇದಕ್ಕೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಉತ್ತಮ. ಉಷ್ಣತೆ 20 ಡಿಗ್ರಿಗಿಂತ ಇಳಿದರೆ ಮೀನು ಮಂಕಾಗಿ ತಳ ಸೇರುತ್ತದೆ, ಆಹಾರ ಮುಟ್ಟುವುದಿಲ್ಲ, ಬಿಳಿಚುಕ್ಕೆ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. 32 ಡಿಗ್ರಿ ಮೀರಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನು ಬಳಲುತ್ತದೆ.

ಬೆಟ್ಟಾ ನೀರಿನ ಮೇಲ್ಭಾಗಕ್ಕೆ ಬಂದು ಗಾಳಿಯನ್ನು ನೇರವಾಗಿ ಉಸಿರಾಡಬಲ್ಲದು. ಆದುದರಿಂದ ಪುಟ್ಟ ಬಾಟಲಿಯೇ ಸಾಕೆಂದು ಹಲವರು ಭಾವಿಸುತ್ತಾರೆ. ಪುಟ್ಟ ಬಾಟಲಿಯಲ್ಲಿ ಉಸಿರಾಟಕ್ಕೆ ತೊಂದರೆಯಾಗದಿದ್ದರೂ ಚಳಿಯ ತೊಂದರೆ ತಪ್ಪದು. ಒಂದು ಲೀಟರ್ ನೀರು ಬಲುಬೇಗ ತಣ್ಣಗಾಗುತ್ತದೆ. ನೀರು ಹೆಚ್ಚಿದ್ದಷ್ಟೂ ಉಷ್ಣತೆ ನಿಧಾನವಾಗಿ ಬದಲಾಗುತ್ತದೆ.

ಚಳಿಗಾಲದ ಕ್ರಮಗಳು

ಡಿಸೆಂಬರ್–ಜನವರಿ ತಿಂಗಳುಗಳಲ್ಲಿ ಬೆಂಗಳೂರು, ಬೀದರ್ ಮುಂತಾದ ಕಡೆ ರಾತ್ರಿಯ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಗಂಡು ಮೀನುಗಳು ಪರಸ್ಪರ ಕಾದಾಡುವುದರಿಂದ ಅವನ್ನು ಬೇರೆ ಬೇರೆ ಬಾಟಲಿಗಳಲ್ಲಿ ಇಡಲೇಬೇಕು. ಪ್ರತಿ ಬಾಟಲಿಗೂ ಹೀಟರ್ ಒದಗಿಸುವುದು ಸಾಧ್ಯವಿಲ್ಲ. ಇದಕ್ಕೆ ಸುಲಭ ಉಪಾಯವೆಂದರೆ, ಅಗಲವಾದ ತೊಟ್ಟಿಯಲ್ಲಿ ಬಾಟಲಿಗಳನ್ನು ಮುಕ್ಕಾಲು ಭಾಗ ಮುಳುಗುವಂತೆ ಸಾಲಾಗಿ ನಿಲ್ಲಿಸಿ, ತೊಟ್ಟಿಯ ನೀರನ್ನು ಮಾತ್ರ ಬಿಸಿ ಮಾಡುವುದು. ಲೀಟರಿಗೆ ಸುಮಾರು ಒಂದು ವ್ಯಾಟ್‌ನಂತೆ, ಉಷ್ಣತೆ ತಾನೇ ನಿಯಂತ್ರಿಸುವ ಹೀಟರನ್ನು ಆರಿಸಿಕೊಳ್ಳಬೇಕು. ಕೊಠಡಿ ತೀರಾ ತಣ್ಣಗಿದ್ದರೆ ಹೆಚ್ಚಿನ ಶಕ್ತಿಯದು ಬೇಕಾಗುತ್ತದೆ. ತೊಟ್ಟಿಯಲ್ಲಿ ಒಂದು ಉಷ್ಣಮಾಪಕ, ನಡುವಿನ ಒಂದು ಬಾಟಲಿಯಲ್ಲಿ ಇನ್ನೊಂದು ಇರಿಸಿ, ಬೆಳಗ್ಗೆ ಸಂಜೆ ನೋಡಬೇಕು.

ಬಾಟಲಿಗಳಿಗೆ ರಂಧ್ರವಿರುವ ಮುಚ್ಚಳ ಹಾಕಬೇಕು. ಇದರಿಂದ ನೀರಿನ ಮೇಲಿನ ಗಾಳಿಯೂ ಬೆಚ್ಚಗಿರುತ್ತದೆ. ಮರಿಗಳಿಗೆ ಗಾಳಿ ಉಸಿರಾಡುವ ಅಂಗ ಬೆಳೆಯುವ ಮೊದಲ ವಾರಗಳಲ್ಲಿ ಇದು ಅತ್ಯಗತ್ಯ. ವಿದ್ಯುತ್ ನಿಂತಾಗ ತೊಟ್ಟಿಗೆ ಗೋಣಿಚೀಲ ಅಥವಾ ಕಂಬಳಿ ಹೊದಿಸಿದರೆ ಶಾಖ ಬೇಗ ಆರುವುದಿಲ್ಲ. ಮೀನಿರುವ ಬಾಟಲಿಗೆ ಬಿಸಿನೀರನ್ನು ನೇರವಾಗಿ ಸುರಿಯಬಾರದು.

ನೀರು ಬದಲಿಸುವಾಗ

ಒಮ್ಮೆಗೆ ಕಾಲು ಭಾಗ ನೀರನ್ನು ಮಾತ್ರ ಬದಲಿಸಬೇಕು. ನಲ್ಲಿಯ ಅಥವಾ ಕೊಳವೆಬಾವಿಯ ನೀರನ್ನು ಹಿಂದಿನ ದಿನವೇ ಅಗಲ ಬಾಯಿಯ ಪಾತ್ರೆಯಲ್ಲಿ ತುಂಬಿ, ಅದೇ ಕೊಠಡಿಯಲ್ಲಿಡಬೇಕು. ಹಾಕುವ ಮುನ್ನ ಅದನ್ನು ಬೆಚ್ಚಗೆ ಮಾಡಿ, ಹಳೆಯ ನೀರಿಗೂ ಹೊಸ ನೀರಿಗೂ ಎರಡು ಡಿಗ್ರಿಗಿಂತ ಹೆಚ್ಚು ಅಂತರವಿಲ್ಲವೆಂದು ಉಷ್ಣಮಾಪಕದಿಂದ ಖಚಿತಪಡಿಸಿಕೊಳ್ಳಬೇಕು. ಕೊಂಡು ತಂದ ಮೀನುಗಳನ್ನು ಚೀಲದ ಸಮೇತ 15–20 ನಿಮಿಷ ನೀರಿನಲ್ಲಿ ತೇಲಿಬಿಟ್ಟು, ಅನಂತರ ಬಿಡಬೇಕು.

ಬೇಸಿಗೆಯಲ್ಲಿ

ರಾಯಚೂರು, ಕಲಬುರಗಿಯಂತಹ ಬಿಸಿಲಿನ ಪ್ರದೇಶಗಳಲ್ಲಿ ತೊಟ್ಟಿಗಳನ್ನು ನೆರಳಿನಲ್ಲಿಟ್ಟು, ಸುತ್ತಲೂ ಒದ್ದೆ ಗೋಣಿಚೀಲ ಕಟ್ಟಿ ಗಾಳಿಯಾಡುವಂತೆ ಮಾಡಬೇಕು.

ಎಚ್ಚರಿಕೆ: ತೊಟ್ಟಿಗೆ ಕೈ ಹಾಕುವ ಮುನ್ನ ಹೀಟರಿನ ಪ್ಲಗ್ ತಪ್ಪದೆ ತೆಗೆಯಬೇಕು. ಕಾದ ಹೀಟರನ್ನು ಕೂಡಲೇ ನೀರಿನಿಂದ ಹೊರತೆಗೆದರೆ ಗಾಜು ಒಡೆಯುತ್ತದೆ. ಪ್ಲಗ್ ತೆಗೆದು ಹದಿನೈದು ನಿಮಿಷ ಆರಲು ಬಿಡಬೇಕು.