ಮಡೆಂಜಿಗೊಂದು ಸುಳ್ಳು ಕಪ್ಪೆ

ಅಡಿಕೆ ತೋಟದ ತಗ್ಗಿನಲ್ಲೊಂದು ಹಳೆಯ ಕೆರೆ. ಪಂಪ್ ಶೆಡ್ಡಿನ ಬದಿಯಲ್ಲಷ್ಟೇ ನೀರು ಕಾಣುತ್ತದೆ. ಉಳಿದುದೆಲ್ಲ ಅಂತರಗಂಗೆ, ನೈದಿಲೆಯ ಎಲೆ, ಪಾಚಿ. ಎಲೆಗಳ ಸಂದಿಯಲ್ಲಿ ‘ಗುಳುಕ್’ ಎಂದು ಗುಳ್ಳೆಯೊಂದು ಒಡೆದರೆ ಪುತ್ತೂರು, ಸುಳ್ಯ, ಕಡಬದ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಡಿಯಲ್ಲಿ ಮಡೆಂಜಿ ಇದೆ.

ತುಳುವಿನ ಮಡೆಂಜಿಯೇ ಗಡಿಯಾಚೆಯ ಮಲಯಾಳಿಗಳಿಗೆ ವರಾಲ್, ಇಂಗ್ಲಿಷಿನವರಿಗೆ ಸ್ನೇಕ್‌ಹೆಡ್. ತಲೆ ನಿಜಕ್ಕೂ ಹಾವಿನದೇ. ಕಿವಿರಿನ ಜೊತೆಗೆ ನೇರವಾಗಿ ಗಾಳಿ ಸೇವಿಸುವ ಅಂಗವೂ ಇರುವುದರಿಂದ ಕೊಳೆತ ನೀರಿನಲ್ಲೂ ಬದುಕುತ್ತದೆ. ಆದರೆ ಮೇಲೆ ಬರಲು ಬಿಡದಿದ್ದರೆ ನೀರೊಳಗೇ ಉಸಿರುಕಟ್ಟಿ ಸಾಯುತ್ತದೆ! ಕಳೆಯ ಮರೆಯಲ್ಲಿ ಹೊಂಚು ಹಾಕಿ, ಮೇಲೆ ಹಾದುಹೋಗುವ ಕಪ್ಪೆಯನ್ನು ಒಂದೇ ನೆಗೆತಕ್ಕೆ ನುಂಗುವುದು ಇದರ ಕಸುಬು.

ಹಾಗಾಗಿ ಇದನ್ನು ಹಿಡಿಯುವ ಹಳೆಯ ಉಪಾಯವೂ ಕಪ್ಪೆಯೇ. ಜೀವಂತ ಕಪ್ಪೆಯ ಬೆನ್ನಿಗೆ ಗಾಳ ಚುಚ್ಚಿ ಎಲೆಗಳ ಮೇಲೆ ಬಿಡುವುದು. ಮೀನು ಸಿಗುತ್ತದೆ, ನಿಜ. ಆದರೆ ಆ ಕಪ್ಪೆ ಒದ್ದಾಡುವುದನ್ನು ನೋಡಿದವರಿಗೆ ಸಾರು ಅಷ್ಟು ರುಚಿಸಲಿಕ್ಕಿಲ್ಲ. ಅದಲ್ಲದೆ ಮಳೆಗಾಲದಲ್ಲಿ ಗದ್ದೆ ತುಂಬ ಕೂಗುವ ಗೋಂಕುರು ಕಪ್ಪೆಗೆ ವನ್ಯಜೀವಿ ಕಾನೂನಿನ ರಕ್ಷಣೆಯಿದೆ. ಕಪ್ಪೆ ಕಾಲಿನ ರಫ್ತನ್ನು ಭಾರತ 1987ರಲ್ಲೇ ನಿಲ್ಲಿಸಿತು. ಹಾಗಿದ್ದರೆ ಸುಳ್ಳು ಕಪ್ಪೆ ಮಾಡಬಾರದೇಕೆ?

ಇದೇ ಪ್ರಶ್ನೆ ಅಮೆರಿಕದವರಿಗೂ ಬಂದಿತ್ತು. ಅಲ್ಲಿ ಕಳೆಯೊಳಗೆ ಹೊಂಚುವ ಮೀನು ಬಾಸ್. ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯರು 1881ರಲ್ಲಿ ಆ ಮೀನಿನ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ಜಿಂಕೆಯ ಕೂದಲನ್ನು ಕೊಕ್ಕೆಯ ಮೇಲೆ ಒತ್ತಾಗಿ ಕಟ್ಟಿ, ಕತ್ತರಿಸಿ ತೇಲುವ ‘ಫ್ಲೈ’ ಮಾಡುವ ವಿದ್ಯೆ ಅಲ್ಲಿ ಬೆಳೆಯಿತು. ಫ್ಲೈ ಎಂದರೆ ನೊಣ; ಆದರೆ ಹೆಸರಿಗೆ ನೊಣವಾದರೂ ಬಾಸ್‌ಗೆ ಕಟ್ಟುವುದು ಹೆಚ್ಚಾಗಿ ಕಪ್ಪೆ, ಇಲಿಗಳನ್ನೇ. ಅದಕ್ಕೆ ಸ್ವಂತ ಭಾರವಿಲ್ಲ. ದಪ್ಪ ದಾರದ ತೂಕವೇ ಅದನ್ನು ಹೊತ್ತೊಯ್ಯಬೇಕು. ನಮ್ಮ ಜಿಲ್ಲೆಗೂ ಈ ಶೋಕಿ ಹೊಸದಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ.

ಇಲ್ಲಿ ಜಿಂಕೆ ಕೂದಲಿನ ಮಾತೆತ್ತುವಂತಿಲ್ಲ, ಅದೂ ಕಾನೂನಿನ ಮಾತು. ಬದಲಿಗೆ ಸವೆದ ಹವಾಯಿ ಚಪ್ಪಲಿಯ ಅಟ್ಟೆ ಸಾಕು. ಹೆಬ್ಬೆರಳಿನ ತುದಿಯಷ್ಟು ತುಂಡು ಕತ್ತರಿಸಿ, ಮುಂಬದಿಯನ್ನು ಚೂಪು ಮಾಡಿ, ಅಡಿಯಲ್ಲೊಂದು ಸೀಳು ಕೊಟ್ಟು ಕೊಕ್ಕೆಯ ದಂಟಿಗೆ ಅಂಟಿಸಿ ನೂಲು ಸುತ್ತುವುದು. ಕಾಲಿಗೆ ರಬ್ಬರ್ ಬ್ಯಾಂಡ್, ಹಿಂದುಗಡೆ ಊರ ಕೋಳಿಯ ನಾಲ್ಕು ಗರಿ. ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೀನು ನೋಡುವುದು ಅಡಿಯಿಂದ. ಬೆಳಕಿಗೆ ಎದುರಾಗಿ ಅದಕ್ಕೆ ಕಾಣುವುದು ಹೆಚ್ಚಾಗಿ ಕಪ್ಪು ನೆರಳೇ.

ನಿಜವಾದ ತಲೆನೋವು ಇರುವುದು ಮೊನೆಯಲ್ಲಿ. ಬರಿಯ ಕೊಕ್ಕೆಯನ್ನು ಅಂತರಗಂಗೆಯ ಮೇಲೆ ಎಳೆದರೆ ಮೊದಲ ಬೇರಿಗೇ ಸಿಕ್ಕಿಬೀಳುತ್ತದೆ. ಅದಕ್ಕೊಂದು ಕಾವಲು ಬೇಕು. ಅರ್ಧ ಮಿಲಿಮೀಟರ್ ಆಸುಪಾಸಿನ ನೈಲಾನ್ ದಾರದ ಒಂದು ತುದಿಯನ್ನು ಕೊಕ್ಕೆಯ ಬಾಗಿನಲ್ಲಿ ಕಟ್ಟಿ, ಮೊನೆಯ ಮುಂದೆ ಬಿಲ್ಲಿನಂತೆ ಬಳಸಿ, ಇನ್ನೊಂದು ತುದಿಯನ್ನು ಕೊಕ್ಕೆಯ ಕಣ್ಣಿನ ಹಿಂದೆ ಬಿಗಿಯುತ್ತಾರೆ. ಎಲೆ ತಾಗಿದರೆ ಬಿಲ್ಲು ಅದನ್ನು ತಳ್ಳುತ್ತದೆ, ಬಾಯಿ ಕಚ್ಚಿದರೆ ಬಿಲ್ಲೇ ಮಡಚಿಕೊಳ್ಳುತ್ತದೆ. ಹೇಳಲು ಸುಲಭ! ದಾರ ದಪ್ಪವಾದರೆ ಕಳೆಯ ಜೊತೆ ಮೀನನ್ನೂ ದೂರವಿಡುತ್ತದೆ. ತೆಳುವಾದರೆ ನೈದಿಲೆಯ ದಂಟೇ ಅದನ್ನು ಮಡಚುತ್ತದೆ. ಮಡೆಂಜಿಯ ಬಾಯಿಯೋ ಗಟ್ಟಿ ಎಲುಬು. ಅರ್ಧಂಬರ್ಧ ತಾಗಿದ ಮೊನೆ ಜಾರಿ ಬರುತ್ತದೆ.

ಪರೀಕ್ಷೆ ಆರಂಭವಾಗುವುದು ಕೆರೆಯಲ್ಲಲ್ಲ, ಬಾಲ್ದಿಯಲ್ಲಿ. ಹತ್ತು ಸಲ ಮೇಲಿನಿಂದ ಬಿಟ್ಟರೆ ಹತ್ತು ಸಲವೂ ಹೊಟ್ಟೆ ಅಡಿಯಾಗಿಯೇ ಕೂರಬೇಕು. ಮಗುಚಿದರೆ ಕೊಕ್ಕೆಯ ಬಾಗಿಗೆ ಎರಡು ಸುತ್ತು ತಂತಿ. ಅರ್ಧ ಗಂಟೆ ನೀರಲ್ಲಿ ಬಿಟ್ಟ ಮೇಲೂ ತೇಲುತ್ತದೆಯೇ ನೋಡಬೇಕು. ಆಮೇಲೆ ಬೆರಳ ಪರೀಕ್ಷೆ: ಎರಡು ಬೆರಳ ನಡುವೆ ಮೆಲ್ಲನೆ ಒತ್ತಿದರೆ ಬಿಲ್ಲು ತಗ್ಗಿ ಮೊನೆ ಚರ್ಮಕ್ಕೆ ತಾಗಬೇಕು, ಕೈ ತೆಗೆದರೆ ಮತ್ತೆ ನೆಟ್ಟಗಾಗಬೇಕು. ಎಷ್ಟೋ ಚಂದದ ಕಪ್ಪೆಗಳು ಇಲ್ಲಿಯೇ ಸೋಲುತ್ತವೆ. ಚಪ್ಪಲಿಯ ತುಂಡು ದೊಡ್ಡದಾಗಿ, ದಂಟಿಗೂ ಮೊನೆಗೂ ನಡುವಿನ ಜಾಗವನ್ನೆಲ್ಲ ತುಂಬಿಬಿಡುವುದು ಹೊಸಬರ ಸಾಮಾನ್ಯ ತಪ್ಪು. ಅಂಥದ್ದನ್ನು ಮೀನು ಕಚ್ಚುತ್ತದೆ, ಉಗುಳುತ್ತದೆ, ಹೋಗುತ್ತದೆ.

ಕೆರೆಗೆ ಹೋದ ಮೇಲೆ ಎಲೆಯ ಮೇಲೇ ಬೀಳಿಸಿ, ಗೇಣುದ್ದ ಎಳೆದು, ನಿಲ್ಲಿಸಿ, ಅಂಚಿನಿಂದ ಬಯಲು ನೀರಿಗೆ ಇಳಿಸಬೇಕು. ಪೆಟ್ಟು ಬೀಳುವುದು ಹೆಚ್ಚಾಗಿ ಆ ಇಳಿಯುವ ಗಳಿಗೆಯಲ್ಲೇ. ನೀರು ಸಿಡಿದೊಡನೆ ಕೈ ತಾನಾಗಿ ಮೇಲೇಳುತ್ತದೆ, ಏಳಬಾರದು. ‘ಒಂದು, ಎರಡು’ ಎಣಿಸಿ, ಮೀನು ಬಾಯಿ ಮುಚ್ಚಿ ತಿರುಗಿದ ಮೇಲೆ ಎಳೆಯಬೇಕು. ಫ್ಲೈ ಕಟ್ಟಲು ಕಲಿತವರು ಕೂಡ ಈ ಎರಡಂಕಿ ಎಣಿಸಲು ಕಲಿಯುವುದಕ್ಕೆ ಬಹುಕಾಲ ಬೇಕಾಗುತ್ತದೆ. ಕೊಕ್ಕೆಯ ಒಳಮುಳ್ಳನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿದ್ದರೆ ಬೇಡದ ಮೀನನ್ನು ಹೆಚ್ಚು ಗಾಯವಿಲ್ಲದೆ ಬಿಡಬಹುದು.

ಈ ಕಪ್ಪೆ ತೋಟದ ಕೆರೆಗೆ, ಅದೂ ಯಜಮಾನರ ಒಪ್ಪಿಗೆ ಇದ್ದರೆ. ಸುಬ್ರಹ್ಮಣ್ಯದ ಕುಮಾರಧಾರೆಯಲ್ಲಿ, ಸುಳ್ಯದ ತೊಡಿಕಾನದ ಹೊಳೆಯಲ್ಲಿ ಇರುವವು ದೇವರ ಮೀನುಗಳು. ಅಲ್ಲಿ ಅಕ್ಕಿಕಾಳು ಎಸೆಯುವವರಿಗಷ್ಟೇ ಜಾಗ.

ಕಾಲವನ್ನೂ ನೋಡಬೇಕು. ಮಳೆ ಹಿಡಿದ ಮೇಲೆ ಕೆರೆಯ ಮೂಲೆಯಲ್ಲಿ ಕಿತ್ತಳೆಗೆಂಪಿನ ಮರಿಗಳ ಹಿಂಡೊಂದು ಉಂಡೆಯಂತೆ ಏಳುತ್ತ ಮುಳುಗುತ್ತ ಸಾಗುವುದುಂಟು. ಅವುಗಳ ಅಡಿಯಲ್ಲೇ ತಂದೆತಾಯಿ ಮಡೆಂಜಿ ಕಾವಲಿರುತ್ತವೆ. ಆಗ ಯಾವ ಕೆಟ್ಟ ಫ್ಲೈ ಬಿದ್ದರೂ ಅವು ಎರಗುತ್ತವೆ, ಹಸಿವಿನಿಂದಲ್ಲ, ಮರಿಗಳ ಮೇಲಿನ ಭಯದಿಂದ. ಕಾವಲಿನ ಮೀನು ದಡ ಸೇರಿದರೆ ಆ ಹಿಂಡು ಉಳಿದ ಮೀನುಗಳ, ನೀರುಕಾಗೆಗಳ ಪಾಲು. ತಿಳಿದವರು ಆ ಕೆಂಪು ಉಂಡೆ ಕಂಡೊಡನೆ ದಾರ ಸುತ್ತಿ, ಚಪ್ಪಲಿಯ ಕಪ್ಪೆಯನ್ನು ಡಬ್ಬಿಗೆ ಹಾಕುತ್ತಾರೆ.